ಇಂಬಳ ಕಚ್ಚಿದಾಗ ಎಷ್ಟು ಇಂಗ್ಲಿಷ್ ಬೇಕು?

ನಮ್ಮ ಕಡೆ ಇಂಗ್ಲಿಷಿನ ಬಗ್ಗೆ ಕೇಳುವ ಪ್ರಶ್ನೆ ಒಂದೇ: "ಬರುತ್ತಾ, ಬರಲ್ವಾ?" ಆಗುಂಬೆಯ ಹೋಮ್‌ಸ್ಟೇಯಲ್ಲಿ ವರ್ಷಗಟ್ಟಲೆಯಿಂದ ಹೊರದೇಶದ ಅತಿಥಿಗಳಿಗೆ ಕಾಡು ತೋರಿಸುತ್ತಿರುವವರೂ "ಎಂತದೂ ಬರಲ್ಲ ಮಾರಾಯ್ರೆ" ಅನ್ನುತ್ತಾರೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಓದುತ್ತ, ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳನ್ನು ಓದಿ ಮುಗಿಸಿದ ಹುಡುಗಿಯೂ ಅದೇ ಮಾತು ಹೇಳುತ್ತಾಳೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೋಮ್‌ಸ್ಟೇಯವರಿಗೆ ಮಾತನಾಡಲು ಬರುತ್ತದೆ, ಒಂದು ಇಮೇಲ್ ಬರೆಯಿರಿ ಎಂದರೆ ಕೈ ನಡುಗುತ್ತದೆ. ಇವಳಿಗೆ ಓದಲು ಬರುತ್ತದೆ, ಫೋನಿನಲ್ಲಿ ಯಾರಾದರೂ ಇಂಗ್ಲಿಷ್ ಶುರು ಮಾಡಿದರೆ ಗಂಟಲು ಒಣಗುತ್ತದೆ. ಬರುತ್ತದೆ, ಬರುವುದಿಲ್ಲ ಎಂಬ ಎರಡು ಡಬ್ಬಿಗಳಲ್ಲಿ ಈ ಇಬ್ಬರನ್ನು ಹಾಕಲು ಹೋದರೆ ಇಬ್ಬರಿಗೂ ಅನ್ಯಾಯವೇ.

ಈ ಡಬ್ಬಿಗಳ ಬದಲು ಇವತ್ತು ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆ ಎ1, ಎ2, ಬಿ1, ಬಿ2, ಸಿ1, ಸಿ2 ಎಂಬ ಆರು ಮಟ್ಟಗಳದು. ವಿದೇಶಕ್ಕೆ ಹೊರಟ ನರ್ಸ್‌ಗಳು, ಶಿವಮೊಗ್ಗ ಪೇಟೆಯ ಕೋಚಿಂಗ್ ಬೋರ್ಡುಗಳು, ಮೊಬೈಲಿನ ಕಲಿಕಾ ಆ್ಯಪ್‌ಗಳು, ಎಲ್ಲೆಲ್ಲೂ ಈ ಅಕ್ಷರಗಳು ಕಾಣುತ್ತವೆ. ಇವು ಬಂದದ್ದು ಸಿಇಎಫ್‌ಆರ್ (ಕಾಮನ್ ಯುರೋಪಿಯನ್ ಫ್ರೇಮ್‌ವರ್ಕ್ ಆಫ್ ರೆಫರೆನ್ಸ್) ಎಂಬ ಚೌಕಟ್ಟಿನಿಂದ. ಸ್ಟ್ರಾಸ್‌ಬರ್ಗ್‌ನಲ್ಲಿರುವ ಕೌನ್ಸಿಲ್ ಆಫ್ ಯುರೋಪ್ ಎಂಬ ಸಂಸ್ಥೆ ಇದನ್ನು 2001ರಲ್ಲಿ ಪ್ರಕಟಿಸಿತು. ಇದು ಯುರೋಪಿಯನ್ ಒಕ್ಕೂಟವಲ್ಲ, ಬೇರೆಯೇ ಸಂಸ್ಥೆ. ಚೌಕಟ್ಟನ್ನು ಇಂಗ್ಲಿಷಿಗೆಂದೇ ಮಾಡಿದ್ದೂ ಅಲ್ಲ. ತೀರ್ಥಹಳ್ಳಿಯ ತೋಟಕ್ಕೆ ಕೆಲಸಕ್ಕೆ ಬಂದ ಅಸ್ಸಾಮಿನ ಹುಡುಗನ ಕನ್ನಡವನ್ನೂ ಇದರಿಂದ ಅಳೆಯಬಹುದು, ಅದು ಬಹಳಷ್ಟು ಸಲ ನಾವು ಅಂದುಕೊಂಡದ್ದಕ್ಕಿಂತ ಮೇಲೆಯೇ ಇರುತ್ತದೆ.

ಈ ಅಳತೆಯ ಜೀವಾಳ ಒಂದು ಸಣ್ಣ ಬದಲಾವಣೆಯಲ್ಲಿದೆ. ನಮ್ಮ ಶಾಲೆಗಳು ಕೇಳುವುದು "ನಿನಗೆ ಏನು ಗೊತ್ತು?" ಎಂದು. ಭೂತಕಾಲ ಗೊತ್ತೇ, ಕರ್ಮಣಿ ಪ್ರಯೋಗ ಗೊತ್ತೇ, ಪಾಠದ ಪ್ರಶ್ನೋತ್ತರ ಬಾಯಿಗೆ ಬಂತೇ. ಸಿಇಎಫ್‌ಆರ್ ಕೇಳುವುದು "ಈ ಭಾಷೆಯಲ್ಲಿ ನೀನು ಏನು ಮಾಡಬಲ್ಲೆ?" ಎಂದು. ಪ್ರತಿ ಮಟ್ಟದ ವಿವರಣೆಯೂ "ಇಂಥದ್ದನ್ನು ಮಾಡಬಲ್ಲರು" ಎಂಬ ವಾಕ್ಯಗಳ ರಾಶಿ. ಹಾಗಾಗಿ ಮಟ್ಟಗಳನ್ನು ಅರ್ಥ ಮಾಡಿಕೊಳ್ಳಲು ವ್ಯಾಕರಣದ ಪಟ್ಟಿಗಿಂತ ಒಂದು ಕೆಲಸವನ್ನು ಹಿಡಿದು ಹೊರಡುವುದು ವಾಸಿ. ನಮ್ಮಲ್ಲಿ ಮಳೆಗಾಲಕ್ಕೆ ಬಂದ ಯಾವ ಅತಿಥಿಗೂ ತಪ್ಪದ ವಿಷಯ ಇಂಬಳ, ಅಂದರೆ ರಕ್ತ ಹೀರುವ ಜಿಗಣೆ. ಅದನ್ನೇ ತೆಗೆದುಕೊಳ್ಳೋಣ.

ಎ1 ಮಟ್ಟದ ಹೋಮ್‌ಸ್ಟೇ ಮಾಲೀಕರು ಅತಿಥಿಯ ಕಾಲು ತೋರಿಸಿ "ಲೀಚ್. ಸಾಲ್ಟ್. ನೋ ಪ್ರಾಬ್ಲಮ್" ಅನ್ನುತ್ತಾರೆ. ತಮ್ಮ ಹೆಸರು, ಊರು, ಊಟದ ಹೊತ್ತು ಹೇಳಬಲ್ಲರು. ಎದುರಿನವರು ನಿಧಾನವಾಗಿ ಮಾತಾಡಿ, ಬೇಕಾದರೆ ಎರಡು ಸಲ ಹೇಳಿ ಸಹಕರಿಸಬೇಕು. ಎ2ಕ್ಕೆ ಬಂದಾಗ ದಿನನಿತ್ಯದ, ಮೊದಲೇ ಪರಿಚಯವಿರುವ ವಿಷಯಗಳಲ್ಲಿ ಕೊಡುಕೊಳ್ಳುವಿಕೆ ಸಾಧ್ಯ: "ಡೋಂಟ್ ಪುಲ್. ಪುಟ್ ಸಾಲ್ಟ್. ಆಫ್ಟರ್ ಸಮ್ ಟೈಮ್ ಬ್ಲಡ್ ಸ್ಟಾಪ್." ಅಷ್ಟು ಹೇಳಿದ ಮೇಲೆ ಅತಿಥಿ "ಯಾಕೆ?" ಎಂದರೆ ಕಷ್ಟ.

ಆ "ಯಾಕೆ"ಗೆ ಉತ್ತರ ಕೊಡುವವರು ಬಿ1. ಹೋದ ಮಳೆಗಾಲದಲ್ಲಿ ಒಬ್ಬರು ಹೆದರಿ ಎಳೆದುಬಿಟ್ಟರು, ಗಾಯ ತುರಿಸಿ ತುರಿಸಿ ವಾರ ಪೂರ್ತಿ ಹಾಗೇ ಇತ್ತು, ಅದಕ್ಕೇ ಎಳೆಯಬೇಡಿ ಅನ್ನುವುದು ಎಂದು ಒಂದು ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲರು, ಚಿಕ್ಕದಾಗಿಯಾದರೂ ಕಾರಣ ಕೊಡಬಲ್ಲರು. ಪ್ರಯಾಣದಲ್ಲಿ ಎದುರಾಗುವ ಬಹುತೇಕ ಸಂದರ್ಭಗಳನ್ನು ಸಂಭಾಳಿಸಬಲ್ಲರು. ಈ ಆರು ಮೆಟ್ಟಿಲುಗಳಲ್ಲಿ ಮೊದಲು ಹುಟ್ಟಿದ್ದೂ ಹೆಚ್ಚುಕಡಿಮೆ ಇದೇ. ಇನ್ನೊಂದು ದೇಶಕ್ಕೆ ಹೋದವನು ಸ್ವತಂತ್ರವಾಗಿ ಬದುಕಲು ಕನಿಷ್ಠ ಎಷ್ಟು ಭಾಷೆ ಬೇಕು ಎಂದು ಲೆಕ್ಕ ಹಾಕಿ 1975ರಲ್ಲೇ "ಹೊಸ್ತಿಲು ಮಟ್ಟ" ಎಂದು ಇಂಗ್ಲಿಷಿಗೆ ವಿವರಿಸಿದ್ದರು. ಉಳಿದ ಮೆಟ್ಟಿಲುಗಳು ಆಮೇಲೆ ಅದರ ಕೆಳಗೂ ಮೇಲೂ ಬಂದವು.

ಬಿ2ರಲ್ಲಿ ಮಾತು ವಾದವಾಗುತ್ತದೆ. ಅತಿಥಿ ಗಾಬರಿಯಾಗಿ "ಇಲ್ಲಿ ಮಂಗನ ಕಾಯಿಲೆ ಇದೆಯಂತೆ, ಇದರಿಂದ ಬರುತ್ತದೆಯೇ?" ಎಂದು ಕೇಳಿದರೆ ಬಿ2ರವರು ಸಮಾಧಾನವಾಗಿ ಬಿಡಿಸಿ ಹೇಳಬಲ್ಲರು: ಆ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದರು, ಅದನ್ನು ಹರಡುವುದು ಉಣುಗು (ಉಣ್ಣೆ ಹುಳು), ಇಂಬಳವಲ್ಲ; ಉಣುಗಿನ ಕಾಟ ಹೆಚ್ಚು ಮಳೆ ನಿಂತ ಮೇಲಿನ ಒಣ ತಿಂಗಳುಗಳಲ್ಲಿ, ಇಂಬಳದ ಕಾಲ ಮಳೆಗಾಲ; ಆದರೂ ಜ್ವರ ಬಂದರೆ ಈ ಕಾಡಿಗೆ ಬಂದಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ತಮಗೆ ಗೊತ್ತಿರುವ ಕ್ಷೇತ್ರದಲ್ಲಿ ಎರಡೂ ಪಕ್ಕ ತೂಗಿ ಮಾತಾಡುವುದು, ಎದುರಿನವರಿಗೂ ತಮಗೂ ಆಯಾಸವಾಗದಂತೆ ಸಂಭಾಷಣೆ ನಡೆಸುವುದು ಈ ಮಟ್ಟದ ಗುರುತು.

ಸಿ1, ಸಿ2ಕ್ಕೆ ಇಷ್ಟು ಸಾಕು: ಅತಿಥಿ ಊರಿಗೆ ಹೋಗಿ "ಜಾಗ ಬಹಳ ನೈಸರ್ಗಿಕವಾಗಿದೆ, ಸ್ವಲ್ಪ ಜಾಸ್ತಿಯೇ" ಎಂದು ರಿವ್ಯೂ ಬರೆದರೆ ಅದರೊಳಗಿನ ಚುಚ್ಚುಮಾತನ್ನು ಹಿಡಿದು, ಮನಸ್ಸು ನೋಯಿಸದೆ, ಒಂದಿಷ್ಟು ತಮಾಷೆ ಸೇರಿಸಿ ಉತ್ತರ ಬರೆಯುವವರು ಸಿ1. ಇಂಬಳದ ಬಗ್ಗೆ ಮೂರು ಸಂಶೋಧನಾ ಲೇಖನ ಓದಿ, ಅಜ್ಜಿ ಹೇಳಿದ್ದನ್ನೂ ಸೇರಿಸಿ, ಎಲ್ಲಿ ಹೊಂದುತ್ತದೆ ಎಲ್ಲಿ ಹೊಂದುವುದಿಲ್ಲ ಎಂದು ಸೂಕ್ಷ್ಮ ವ್ಯತ್ಯಾಸಗಳೊಂದಿಗೆ ಒಂದೇ ಬರಹದಲ್ಲಿ ಕಟ್ಟಿಕೊಡುವವರು ಸಿ2. ಸಿ2 ಎಂದರೆ ಲಂಡನ್ನಿನಲ್ಲಿ ಹುಟ್ಟಿದವರಂತೆ ಮಾತಾಡುವುದು ಎಂಬ ನಂಬಿಕೆ ಇದೆ, ಅದು ತಪ್ಪು. ಚೌಕಟ್ಟಿನ 2018ರ ಪೂರಕ ಸಂಪುಟ ಉಚ್ಚಾರಣೆಯ ಅಳತೆಯನ್ನೇ ಹೊಸದಾಗಿ ಬರೆದು, ಹುಟ್ಟು ಭಾಷಿಕರನ್ನು ಹೋಲುವುದಕ್ಕಿಂತ ಕೇಳುವವರಿಗೆ ಸ್ಪಷ್ಟವಾಗಿ ತಿಳಿಯುವುದಕ್ಕೆ ಒತ್ತು ಕೊಟ್ಟಿತು. ಮೇಳಿಗೆಯಿಂದ ಹೊರಟ ಅನಂತಮೂರ್ತಿಯವರು 1966ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಡಾಕ್ಟರೇಟ್ ಪಡೆದು, ಇಂಗ್ಲಿಷ್ ಮೇಷ್ಟ್ರಾಗಿದ್ದುಕೊಂಡೇ ಕನ್ನಡದಲ್ಲಿ ಬರೆದ ಜಿಲ್ಲೆ ನಮ್ಮದು. ಮಲೆನಾಡಿನ ನಾಲಿಗೆಯನ್ನು ಕಳಚಿಟ್ಟು ಹೋಗಬೇಕು ಎಂದು ಇಲ್ಲಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ.

ತಪ್ಪುಗಳ ವಿಷಯಕ್ಕೆ ಬರೋಣ, ನಮ್ಮ ಜನ ಹೆಚ್ಚು ನಲುಗುವುದು ಇಲ್ಲೇ. ಶಾಲೆಯಲ್ಲಿ ಕೆಂಪು ಶಾಯಿ ಎಲ್ಲ ತಪ್ಪಿಗೂ ಒಂದೇ ಬೆಲೆ ಕಟ್ಟುತ್ತಿತ್ತು. ಈ ಚೌಕಟ್ಟು ಹಾಗಲ್ಲ. ಎ2ರವರು ಕಾಲಗಳನ್ನು ಕಲಸಿಬಿಡುವುದು ಸಹಜ ಎಂದೇ ಅದು ಒಪ್ಪುತ್ತದೆ. "ಯೆಸ್ಟರ್ಡೇ ಐ ಗೋ ಸಾಗರ" ಎಂದರೂ ಹೇಳಬೇಕಾದ್ದು ತಲುಪಿತಲ್ಲ, ಮಟ್ಟ ಕೆಳಗಿಳಿಯುವುದಿಲ್ಲ. ಬಿ1ರಲ್ಲಿ ಮಾತೃಭಾಷೆಯ ಪ್ರಭಾವ ಎದ್ದು ಕಂಡರೂ ಅಡ್ಡಿಯಿಲ್ಲ, ಉದ್ದೇಶ ಸ್ಪಷ್ಟವಿರಬೇಕು. ಬಿ2ರಲ್ಲಿ ತಪ್ಪುಗಳಿರಬಹುದು, ಅವು ಅಪಾರ್ಥಕ್ಕೆ ದಾರಿ ಮಾಡಬಾರದು. ಕನ್ನಡದಲ್ಲಿ ಇಲ್ಲದ 'ಎ', 'ದಿ' ಎಂಬ ಆ ಪುಟ್ಟ ಪದಗಳನ್ನು ಎಲ್ಲಿ ಹಾಕಬೇಕು, ಎಲ್ಲಿ ಬಿಡಬೇಕು ಎಂಬುದು ಬಹಳ ಮೇಲಿನ ಮಟ್ಟದವರಿಗೂ ಕೈ ಕೊಡುತ್ತದೆ. ಅದೊಂದನ್ನೇ ಹಿಡಿದು ವರ್ಷಗಟ್ಟಲೆ ಗುದ್ದಾಡುವುದು ನನ್ನ ಮಟ್ಟಿಗೆ ದಂಡ. ಮೊದಲು ಕಥೆ ಹೇಳಲು ಕಲಿಯಲಿ, 'ದಿ' ತನ್ನ ಪಾಡಿಗೆ ಆಮೇಲೆ ಬರಲಿ.

ಇನ್ನೊಂದು ಸಂಗತಿ: ನಮ್ಮಲ್ಲಿ ಯಾರೂ ಸೊನ್ನೆಯಿಂದ ಶುರು ಮಾಡುವುದಿಲ್ಲ. ಶಾಲೆ ಮೆಟ್ಟಿಲು ಹತ್ತದ ಅಜ್ಜಿಯೂ ಲೋನು, ಸಬ್ಸಿಡಿ, ಟ್ರಾನ್ಸ್‌ಫಾರ್ಮರು, ಸ್ಕ್ಯಾನಿಂಗು ಅನ್ನುತ್ತಾರೆ. ನೂರಾರು ಇಂಗ್ಲಿಷ್ ಪದ ಗೊತ್ತಿದ್ದ ಮಾತ್ರಕ್ಕೆ ಎ1 ಆಗುವುದಿಲ್ಲ, ಆ ಪದಗಳಿಂದ ಇಂಗ್ಲಿಷಿನಲ್ಲಿ ಒಂದು ಕೆಲಸ ಆಗಬೇಕು. ಆದರೂ ಕಲಿಯಲು ಕೂತಾಗ ಈ ಗಂಟು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಆರಂಭದಲ್ಲಿ ಹೇಳಿದ ಇಬ್ಬರನ್ನು ಈಗ ಅಳೆಯಬಹುದು. ಚೌಕಟ್ಟಿನ ಸ್ವ-ಮೌಲ್ಯಮಾಪನ ಕೋಷ್ಟಕದಲ್ಲಿ ಆಲಿಸುವುದು, ಓದುವುದು, ಸಂಭಾಷಣೆ, ಒಬ್ಬರೇ ನಿರಂತರವಾಗಿ ಮಾತಾಡುವುದು, ಬರೆಯುವುದು ಎಂಬ ಐದು ಸಾಲುಗಳಿವೆ, ಒಂದೊಂದಕ್ಕೂ ಆರು ಮಟ್ಟ. ಹೋಮ್‌ಸ್ಟೇಯವರು ಸಂಭಾಷಣೆಯಲ್ಲಿ ಬಿ1, ಆಲಿಸುವುದರಲ್ಲಿ ಬಿ1, ಬರವಣಿಗೆಯಲ್ಲಿ ಎ1 ಇರಬಹುದು. ಎಂಎಸ್ಸಿ ಹುಡುಗಿ ಓದಿನಲ್ಲಿ ಬಿ2, ಸಂಭಾಷಣೆಯಲ್ಲಿ ಎ2. ಇದು ವಿಚಿತ್ರವೇನಲ್ಲ, ಹೆಚ್ಚಿನವರ ಚಿತ್ರ ಹೀಗೆ ಏರಿಳಿತದ್ದೇ. "ನೀವು ಬಿ1" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವ ಹತ್ತು ನಿಮಿಷದ ಆನ್‌ಲೈನ್ ಪರೀಕ್ಷೆಗಳು ಸಾಮಾನ್ಯವಾಗಿ ವ್ಯಾಕರಣ ಮತ್ತು ಪದಗಳನ್ನಷ್ಟೇ ಮುಟ್ಟಿ ನೋಡುತ್ತವೆ. ಅಂಥ ಪರೀಕ್ಷೆಯಲ್ಲಿ ಹುಡುಗಿ ಗೆಲ್ಲುತ್ತಾಳೆ, ಹೋಮ್‌ಸ್ಟೇಯವರು ಸೋಲುತ್ತಾರೆ.

ಹುಡುಗಿಯ ಈ ಚಿತ್ರ ಮೂಡಿದ್ದು ಹೇಗೆ ಎಂಬುದಕ್ಕೆ ನಮ್ಮ ಶಾಲಾ ವ್ಯವಸ್ಥೆಯೇ ಉತ್ತರ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಎಸ್ಸೆಸ್ಸೆಲ್ಸಿ ಮುಗಿಸುವಾಗ ಹತ್ತು ವರ್ಷದ ಕಲಿಕೆ. ಆದರೆ ಭವಿಷ್ಯ ನಿರ್ಧರಿಸುವ ವಾರ್ಷಿಕ ಪರೀಕ್ಷೆ ಲಿಖಿತ. ಪರೀಕ್ಷೆ ಕೇಳದ್ದನ್ನು ತರಗತಿ ಕಲಿಸುವುದು ಅಪರೂಪ, ಮೇಷ್ಟ್ರನ್ನು ದೂರಿ ಫಲವಿಲ್ಲ. ಇದರ ತಿರುವುಮುರುವು ಚಿತ್ರ ಪೇಟೆಯ ಇಂಗ್ಲಿಷ್ ಮೀಡಿಯಂ ಮಕ್ಕಳದು. ಕೆನಡಾದ ಜಿಮ್ ಕಮಿನ್ಸ್ ಎಂಬ ವಿದ್ವಾಂಸರು 1979ರಲ್ಲಿ ಒಂದು ಮುಖ್ಯ ವ್ಯತ್ಯಾಸ ಗುರುತಿಸಿದರು: ಆಟದ ಮೈದಾನದ ಮಾತು ಬೇರೆ, ಪಾಠದ ಭಾಷೆ ಬೇರೆ. ವಲಸೆ ಬಂದ ಮಕ್ಕಳು ಮೊದಲನೆಯದನ್ನು ಸುಮಾರು ಎರಡು ವರ್ಷದಲ್ಲಿ ಹಿಡಿಯುತ್ತಾರೆ, ಎರಡನೆಯದಕ್ಕೆ ಐದರಿಂದ ಏಳು ವರ್ಷ ಬೇಕಾಗುತ್ತದೆ. ಮಗ ಗೆಳೆಯರ ಜೊತೆ ಪಟಪಟ ಇಂಗ್ಲಿಷ್ ಆಡುವುದನ್ನು ಕೇಳಿ ಹಿಗ್ಗಿದ ಅಪ್ಪನಿಗೆ, ಅವನು ವಿಜ್ಞಾನದಲ್ಲಿ "ಕಾರಣ ಕೊಡಿ" ಎಂಬ ಪ್ರಶ್ನೆಗೆ ಎರಡು ಸಾಲು ಬರೆಯಲಾರದೆ ಕೂರುವುದು ಅರ್ಥವಾಗದಿರುವುದು ಇದೇ ಕಾರಣಕ್ಕೆ. ಅಲ್ಲಿಗೂ ಇಲ್ಲಿಗೂ ಒಂದು ವ್ಯತ್ಯಾಸವಿದೆ, ಕೆನಡಾದ ಮೈದಾನದಲ್ಲಿ ಇಂಗ್ಲಿಷ್ ಇತ್ತು, ನಮ್ಮ ಮೈದಾನದಲ್ಲಿ ಕನ್ನಡವಿದೆ. ನಮ್ಮ ಮಕ್ಕಳಿಗೆ ಆ ಎರಡು ವರ್ಷವೂ ಪುಕ್ಕಟೆ ಸಿಗುವುದಿಲ್ಲ.

ಹಾಗಾದರೆ ಎಷ್ಟು ಕಾಲ ಬೇಕು? ಕೇಂಬ್ರಿಜ್ ಪರೀಕ್ಷಾ ಸಂಸ್ಥೆಯ ಅಂದಾಜಿನಂತೆ, ಆರಂಭದಿಂದ ಎಣಿಸಿದರೆ ಎ2ಕ್ಕೆ 180ರಿಂದ 200 ಗಂಟೆ ಮಾರ್ಗದರ್ಶನದ ಕಲಿಕೆ ಬೇಕು. ಬಿ1ಕ್ಕೆ 350–400, ಬಿ2ಕ್ಕೆ 500–600, ಸಿ1ಕ್ಕೆ 700–800, ಸಿ2ಕ್ಕೆ 1000–1200. "30 ದಿನದಲ್ಲಿ ಇಂಗ್ಲಿಷ್" ಎಂಬ ಬೋರ್ಡನ್ನು ಈ ಅಂಕಿಗಳ ಪಕ್ಕ ಇಟ್ಟು ನೋಡಿ. ದಿನಕ್ಕೆ ಎರಡು ಗಂಟೆ ಹಿಡಿದರೂ ಆಗುವುದು 60 ಗಂಟೆ, ಎ2ರ ಮೂರನೇ ಒಂದು ಭಾಗ. ಎ2ರಿಂದ ಬಿ2ಕ್ಕೆ ಸುಮಾರು 400 ಗಂಟೆ, ವಾರಕ್ಕೆ ಆರು ಗಂಟೆಯಂತೆ ಹೋದರೆ ಒಂದೂಕಾಲು ವರ್ಷದ ಆಸುಪಾಸು. ಇದೂ ಸರಾಸರಿ ಲೆಕ್ಕವೇ. ಭಾಷೆಗಳ ನಡುವಿನ ದೂರವೂ ಸೇರಿಕೊಳ್ಳುತ್ತದೆ: ಅಮೆರಿಕದ ವಿದೇಶಾಂಗ ಇಲಾಖೆ ತನ್ನ ಇಂಗ್ಲಿಷ್ ಭಾಷಿಕ ಅಧಿಕಾರಿಗಳಿಗೆ ತಮಿಳು, ತೆಲುಗು ಕಲಿಸಲು 44 ವಾರ, 1100 ಗಂಟೆ ಎಂದು ಲೆಕ್ಕವಿಟ್ಟಿದೆ. ಫ್ರೆಂಚಿಗೆ 30 ವಾರ ಸಾಕು. ದ್ರಾವಿಡ ಭಾಷೆ ಅವರಿಗೆ ಅಷ್ಟು ದೂರವಾದರೆ ಇಂಗ್ಲಿಷ್ ನಮಗೂ ಹತ್ತಿರದ್ದಲ್ಲ.

ಬಿ1 ಮುಟ್ಟಿದವರಲ್ಲಿ ಹಲವರು ಕೈಚೆಲ್ಲುವುದು ಇಲ್ಲೇ. ಮೊದಲು ತಿಂಗಳಿಗೊಮ್ಮೆ ಪ್ರಗತಿ ಕಾಣುತ್ತಿತ್ತು, ಈಗ ಆರು ತಿಂಗಳಾದರೂ ಏನೂ ಕಾಣುತ್ತಿಲ್ಲ, ನನ್ನ ತಲೆಗೆ ಇಷ್ಟೇ ಎಂದುಕೊಳ್ಳುತ್ತಾರೆ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನವೂ ಲಿಂಗನಮಕ್ಕಿಯ ನೀರಿನ ಮಟ್ಟ ನೋಡುವವರಿಗೆ ಇದರ ಗುಟ್ಟು ಗೊತ್ತಿದೆ. ಜಲಾಶಯ ತಳದಲ್ಲಿರುವಾಗ ಒಂದು ಜೋರು ಮಳೆಗೆ ಮಟ್ಟ ಅಡಿಗಟ್ಟಲೆ ಏರುತ್ತದೆ. ಗರಿಷ್ಠ ಮಟ್ಟವಾದ 1819 ಅಡಿಯತ್ತ ಹೋದಂತೆ ಅಷ್ಟೇ ಒಳಹರಿವಿದ್ದರೂ ಏರಿಕೆ ಕಮ್ಮಿ. ನೀರು ಬರುವುದು ಕಡಿಮೆಯಾಗಿಲ್ಲ, ಹರಡಿಕೊಳ್ಳುವ ಜಾಗ ದೊಡ್ಡದಾಗಿದೆ. ಭಾಷೆಯ ಮಟ್ಟಗಳೂ ಸಮ ಅಂತರದ ಮೆಟ್ಟಿಲುಗಳಲ್ಲ. ನ್ಯೂಜಿಲೆಂಡಿನ ಭಾಷಾ ವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದಂತೆ, ಪತ್ರಿಕೆ, ಕಾದಂಬರಿಗಳನ್ನು ಯಾರ ಸಹಾಯವೂ ಇಲ್ಲದೆ ಓದಲು 8000ದಿಂದ 9000 ಪದಕುಟುಂಬಗಳು ಬೇಕು. ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಪದಕುಟುಂಬ. ಮೊದಲ 2000 ಕುಟುಂಬಗಳು ದಿನದ ಮಾತಿನಲ್ಲಿ ಪದೇ ಪದೇ ಬರುತ್ತವೆ, ಬೇಡವೆಂದರೂ ಅಂಟಿಕೊಳ್ಳುತ್ತವೆ. ಏಳನೇ ಸಾವಿರದ ಪದ ವಾರಕ್ಕೊಮ್ಮೆ ಕಿವಿಗೆ ಬಿದ್ದರೆ ಪುಣ್ಯ. ಹಾಗಾಗಿ ಬಿ1 ಆದಮೇಲೆ ಆ್ಯಪ್ ಒತ್ತುವುದಕ್ಕಿಂತ ಓದು ಹೆಚ್ಚು ಕೆಲಸ ಮಾಡುತ್ತದೆ, ಅದರಲ್ಲೂ ತನಗೆ ಮೊದಲೇ ತಿಳಿದ ವಿಷಯದ ಓದು. ಅಡಿಕೆ ಬೆಳೆಯುವವರು ಎಲೆಚುಕ್ಕಿ ರೋಗದ ಬಗ್ಗೆ ಇಂಗ್ಲಿಷಿನಲ್ಲಿ ಓದಲಿ, ಅರ್ಧ ಅರ್ಥ ತೋಟದಲ್ಲೇ ಸಿಕ್ಕಿರುತ್ತದೆ.

ಮಟ್ಟವನ್ನು ಒಂದೇ ಅಂಕಿಗೆ ಇಳಿಸಿದರೆ ಏನಾಗುತ್ತದೆ ಎಂಬುದನ್ನು ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದವರಿಗೆ ಹೇಳಬೇಕಿಲ್ಲ. ಅದರಲ್ಲಿ ಆಲಿಸುವಿಕೆ, ಓದು, ಬರಹ, ಮಾತು ನಾಲ್ಕಕ್ಕೂ 9ರವರೆಗೆ ಬ್ಯಾಂಡ್ ಎಂಬ ಅಂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. ಆಲಿಸುವಿಕೆ 7.5, ಓದು 7, ಬರಹ 5.5, ಮಾತು 6 ಬಂದರೆ ಒಟ್ಟು 6.5. ಐಇಎಲ್‌ಟಿಎಸ್‌ನವರೇ ಹೇಳುವಂತೆ 5.5ರಿಂದ 6.5 ಬಿ2, 7ರಿಂದ 8 ಸಿ1. ಅಂದರೆ ಇವರು ಒಟ್ಟಿನಲ್ಲಿ ಬಿ2, ಕಿವಿ ಮತ್ತು ಕಣ್ಣಿನಲ್ಲಿ ಸಿ1. ಬ್ರಿಟನ್ನಿನ ನರ್ಸಿಂಗ್ ನೋಂದಣಿಗೆ ಆಲಿಸುವಿಕೆ, ಓದು, ಮಾತು ಮೂರರಲ್ಲೂ 7, ಬರಹದಲ್ಲಿ 6.5 ಬೇಕು. ಈ ಅಭ್ಯರ್ಥಿ ಪುನಃ ಪರೀಕ್ಷೆ ಕಟ್ಟುವ ಮೊದಲು ಬರಹ ಮತ್ತು ಮಾತಿಗೆ ಮಾತ್ರ ಸಮಯ ಕೊಡಬೇಕು. ಪೂರ್ತಿ ಕೋರ್ಸಿಗೆ ಮತ್ತೊಮ್ಮೆ ದುಡ್ಡು ಕಟ್ಟುವುದು ವ್ಯರ್ಥ.

ಚೌಕಟ್ಟಿನ 2018ರ ಆ ಪೂರಕ ಸಂಪುಟದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಬೇರೆಯದು. ಗ್ರಹಿಸುವುದು, ಹೇಳುವುದು, ಸಂವಾದ ಇವುಗಳ ಜೊತೆಗೆ ನಾಲ್ಕನೆಯದಾಗಿ ಮಧ್ಯಸ್ಥಿಕೆಯನ್ನೂ ಅದು ವಿಸ್ತಾರವಾಗಿ ಅಳತೆಗೆ ತಂದಿತು. ಒಬ್ಬರ ಮಾತನ್ನೋ ಬರಹವನ್ನೋ ಇನ್ನೊಬ್ಬರಿಗೆ ತಲುಪಿಸುವ ಸಾಮರ್ಥ್ಯ ಅದು, ಒಂದು ಭಾಷೆಯಿಂದ ಇನ್ನೊಂದು ಭಾಷೆಗೂ ಸೇರಿದಂತೆ. ಮಲೆನಾಡಿನ ಹಳ್ಳಿಗಳಲ್ಲಿ ಇಂಗ್ಲಿಷಿನ ಅತಿ ಹೆಚ್ಚು ಬಳಕೆ ಇದೇ ಇರಬೇಕು. ಬ್ಯಾಂಕಿನ ನೋಟಿಸು, ಬೆಳೆ ವಿಮೆಯ ಎಸ್ಸೆಮ್ಮೆಸ್ಸು, ಮಣಿಪಾಲದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಔಷಧಿ ಡಬ್ಬಿಯ ಮೇಲಿನ ಎಚ್ಚರಿಕೆ ಹಿಡಿದುಕೊಂಡು ಅಕ್ಕಪಕ್ಕದವರು ಬರುವುದು ಕಾಲೇಜು ಓದಿದ ಹುಡುಗಿಯ ಹತ್ತಿರ. "ಇದೆಂತ ಬರ್ದಿದ್ದು ನೋಡೆ ತಂಗಿ" ಅನ್ನುತ್ತಾರೆ. ಅವಳು ಓದಿ, ಬೇಡದ್ದನ್ನು ಬಿಟ್ಟು, ಕಟ್ಟಬೇಕಾದ ಹಣ, ಕೊನೆಯ ದಿನಾಂಕ, ತಿನ್ನಬಾರದ ಪದಾರ್ಥ ಇಷ್ಟನ್ನು ಕನ್ನಡದಲ್ಲಿ ಹೇಳುತ್ತಾಳೆ. ಅವಳಿಗೆ ಇಂಗ್ಲಿಷಿನಲ್ಲಿ ಮಾತಾಡಲು ನಾಚಿಕೆ ಇರಬಹುದು, ಈ ಕೆಲಸದಲ್ಲಿ ಅವಳು ಬಿ1 ಕೂಡ ದಾಟಿದ್ದಾಳೆ. ಸ್ಪೋಕನ್ ಇಂಗ್ಲಿಷ್ ತರಗತಿಗಳಲ್ಲಿ ಇದಕ್ಕೆ ಚಿಕ್ಕಾಸಿನ ಬೆಲೆಯೂ ಇಲ್ಲ.

ಚೌಕಟ್ಟಿಗೆ ಮಿತಿಗಳೂ ಇವೆ. ಅದರ ವಾಕ್ಯಗಳನ್ನು ಮೆಟ್ಟಿಲುಗಳಲ್ಲಿ ಜೋಡಿಸಿದ್ದು ಸ್ವಿಟ್ಜರ್ಲೆಂಡಿನಲ್ಲಿ 1990ರ ದಶಕದ ಮಧ್ಯದಲ್ಲಿ ನಡೆದ ಅಧ್ಯಯನದಿಂದ. ಸುಮಾರು 300 ಶಿಕ್ಷಕರು, 2800ರಷ್ಟು ಕಲಿಯುವವರು ಅದರಲ್ಲಿದ್ದರು. ಯಾವುದು ಸುಲಭ, ಯಾವುದು ಕಷ್ಟ ಎಂದು ಶಿಕ್ಷಕರು ಅಂದಾಜಿಸಿದ್ದನ್ನು ಸಂಖ್ಯಾಶಾಸ್ತ್ರದಿಂದ ಸಾಲುಗೂಡಿಸಿದರು. ಭಾಷೆ ತಲೆಯೊಳಗೆ ಬೆಳೆಯುವ ಕ್ರಮವನ್ನು ಅಳೆದದ್ದಲ್ಲ ಅದು. ಆ ತರಗತಿಗಳು ಯುರೋಪಿನವು, ರೈಲು, ಹೋಟೆಲು, ರಜೆಯ ಪ್ರವಾಸ ಅವರ ಲೋಕ. ಹೊಸನಗರದ ರೈತನಿಗೆ ವಿಮಾನ ನಿಲ್ದಾಣದಲ್ಲಿ ದಾರಿ ಕೇಳುವುದಕ್ಕಿಂತ ಬೋರ್ಡೋ ದ್ರಾವಣದ ಮೈಲುತುತ್ತದ ಪೊಟ್ಟಣದ ಮೇಲೆ ಬರೆದಿರುವುದು ಅರ್ಥವಾಗುವುದು ಮುಖ್ಯ. ಹಾಗಾಗಿ ಕೋಷ್ಟಕವನ್ನು ಇದ್ದ ಹಾಗೇ ನುಂಗಬೇಕಿಲ್ಲ. "ಮಾಡಬಲ್ಲೆ" ಎಂಬ ವಾಕ್ಯಗಳನ್ನು ತಮ್ಮ ಕೆಲಸಕ್ಕೆ ತಕ್ಕಂತೆ ಬರೆದುಕೊಳ್ಳಬಹುದು, ಚೌಕಟ್ಟು ಮಾಡಿದವರು ಬಯಸಿದ್ದೂ ಅದನ್ನೇ. ಹೋಮ್‌ಸ್ಟೇಯವರ ಪಟ್ಟಿಯಲ್ಲಿ ಮುಂದಿನ ವಾಕ್ಯ ಇಷ್ಟೇ ಇರಲಿ: ಬುಕಿಂಗ್ ಕೇಳಿದವರಿಗೆ ಕೋಣೆ, ದರ, ದಾರಿ ತಿಳಿಸಿ ನಾಲ್ಕು ಸಾಲಿನ ಉತ್ತರ ಬರೆಯಬಲ್ಲೆ. ಬರವಣಿಗೆಯಲ್ಲಿ ಅದು ಎ1ರಿಂದ ಎ2ಕ್ಕೆ ಹೋಗುವ ದಾರಿ.

ಕೋರ್ಸಿಗೆ ದುಡ್ಡು ಕಟ್ಟುವವರು ಒಂದು ವಿಷಯ ಕೇಳಿಯೇ ಕಟ್ಟಬೇಕು. ಕೌನ್ಸಿಲ್ ಆಫ್ ಯುರೋಪ್ ಯಾರಿಗೂ ಪರೀಕ್ಷೆ ನಡೆಸುವುದಿಲ್ಲ, ಪ್ರಮಾಣಪತ್ರ ಕೊಡುವುದಿಲ್ಲ. "ನಮ್ಮಲ್ಲಿ ಬಿ2 ಸರ್ಟಿಫಿಕೇಟ್ ಸಿಗುತ್ತದೆ" ಎಂದರೆ ಯಾವ ಪರೀಕ್ಷೆಯದು ಎಂದು ಕೇಳಿ. ಕೋಚಿಂಗ್‌ನವರು ತಾವೇ ಅಚ್ಚು ಹಾಕಿ ಕೊಡುವ ಕಾಗದ ಗೋಡೆಗೆ ಚೆಂದ, ವೀಸಾಕ್ಕೂ ವಿಶ್ವವಿದ್ಯಾಲಯಕ್ಕೂ ನಡೆಯುವುದಿಲ್ಲ. ಐಇಎಲ್‌ಟಿಎಸ್ ಅಂಕ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ, ಹಾಗಾಗಿ ಪಿಯುಸಿಯಲ್ಲೇ ಬರೆಸಿ ಪದವಿ ಮುಗಿದ ಮೇಲೆ ಬಳಸುತ್ತೇವೆ ಎಂಬ ಲೆಕ್ಕಾಚಾರ ಬೇಡ. ಕೇಂಬ್ರಿಜ್‌ನ ಬಿ2 ಫಸ್ಟ್, ಸಿ1 ಅಡ್ವಾನ್ಸ್‌ಡ್ ಪ್ರಮಾಣಪತ್ರಗಳಿಗೆ ಅವಧಿ ಮುಗಿಯುವ ದಿನಾಂಕವಿಲ್ಲ, ಆದರೆ ಅರ್ಜಿ ಹಾಕುವ ಸಂಸ್ಥೆ ಎಷ್ಟು ಹಳೆಯದನ್ನು ಒಪ್ಪುತ್ತದೆ ಎಂಬುದು ಆ ಸಂಸ್ಥೆಗೆ ಬಿಟ್ಟದ್ದು. ಮೊದಲು ಅವರ ವೆಬ್‌ಸೈಟಿನಲ್ಲಿ ಯಾವ ಪರೀಕ್ಷೆ, ಯಾವ ಕೌಶಲಕ್ಕೆ ಎಷ್ಟು ಅಂಕ ಎಂದು ನೋಡಿಕೊಂಡು, ಆಮೇಲೆ ಕೋಚಿಂಗ್ ಹುಡುಕಬೇಕು. ನಮ್ಮಲ್ಲಿ ಹೆಚ್ಚಿನವರು ಇದನ್ನು ಹಿಂದುಮುಂದಾಗಿ ಮಾಡುತ್ತಾರೆ.